ದೆವ್ವಕ್ಕೆ ದನಿ ಕೊಟ್ಟವರು

ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳಿಗೆ ಸೀನರಿ, ಲೈಟು ಒದಗಿಸುವುದು ನನ್ನ ಕಸುಬು. ಪಾವಗಡದ ಗಡಿ ಊರುಗಳಿಗೆ ಹೋದರೆ ಪದ್ಯಗಳು ತೆಲುಗಿಗೆ ಹೊರಳುತ್ತವೆ. ರಾಕ್ಷಸ ಅಬ್ಬರಿಸಿದಾಗ ಮಕ್ಕಳು ಅಮ್ಮನ ಸೆರಗು ಹಿಡಿಯುವುದು ಮಾತ್ರ ಎಲ್ಲ ಕಡೆ ಒಂದೇ. ಹಾಗಾಗಿ ದೆವ್ವದ ಸಿನಿಮಾ ನೋಡಿದರೂ ನನಗೆ ಅದರ ಹಿಂದೆ ದುಡಿದವರದೇ ಯೋಚನೆ.

1973ರ 'ದಿ ಎಕ್ಸಾರ್ಸಿಸ್ಟ್' ಮೈಮೇಲೆ ದುಷ್ಟಶಕ್ತಿ ಬಂದ ಹುಡುಗಿಯೊಬ್ಬಳ ಕಥೆ. ಅದು ತಯಾರಾದ ಬಗೆಯನ್ನು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಅವರಿಂದಲೇ ಹೇಳಿಸಿದ ಸಾಕ್ಷ್ಯಚಿತ್ರ, 2019ರ 'ಲೀಪ್ ಆಫ್ ಫೇತ್'. ನಾಟಕದವರೆಲ್ಲ ಒಮ್ಮೆ ನೋಡಬೇಕು.

ಆ ಸಿನಿಮಾದಲ್ಲಿ ಪಾತ್ರಗಳು ಉಸಿರು ಬಿಟ್ಟರೆ ಹಬೆ ಕಾಣುತ್ತದೆ. ಅದಕ್ಕಾಗಿ ಮಲಗುವ ಕೋಣೆಯ ಸೆಟ್ಟನ್ನೇ ಸೊನ್ನೆ ಡಿಗ್ರಿಗಿಂತ ಕೆಳಗೆ ತಣ್ಣಗಾಗಿಸಿದ್ದರು. ಮತ್ತೆ, ಬಿಳುಚಿದ ಒಂದು ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ನಮ್ಮ ಮೂಡಲಪಾಯ ಬಯಲಾಟದಲ್ಲಿ ಪಂಜಿಗೆ ರಾಳದ ಪುಡಿ ಎರಚಿದಾಗ ಭಗ್ಗೆಂದ ಬೆಂಕಿಯಲ್ಲಿ ರಾಕ್ಷಸನ ಮುಖ ಹೊಳೆದು ಮರೆಯಾಗುತ್ತದಲ್ಲ, ಹಾಗೆ. ಪೂರ್ತಿ ತೋರಿಸಿದರೆ ಅದು ಬರೀ ಬಣ್ಣ ಬಳಿದ ಮುಖ.

ನನ್ನನ್ನು ಹೆಚ್ಚು ಕಾಡಿದ್ದು ಆ ದನಿ. ಹುಡುಗಿಯ ಬಾಯಿಂದ ಬರುವ ದೆವ್ವದ ಮಾತು ರೇಡಿಯೋ ನಾಟಕಗಳಲ್ಲಿ ಪಳಗಿದ ನಟಿ ಮರ್ಸಿಡಿಸ್ ಮೆಕ್‌ಕೇಂಬ್ರಿಡ್ಜ್ ಅವರದು. ಗಂಟಲು ಒಡೆಯಲೆಂದು ಆಕೆ ಹಸಿಮೊಟ್ಟೆ ನುಂಗಿದರು, ಸಿಗರೇಟು ಸೇದಿದರು, ಮದ್ಯ ಕುಡಿದರು. ಇಷ್ಟಾದರೂ ಮೊದಲು ಬಿಡುಗಡೆಯಾದ ಪ್ರತಿಗಳಲ್ಲಿ ಆಕೆಯ ಹೆಸರಿರಲಿಲ್ಲ. ಜಗಳ ಮಾಡಿ ಹಾಕಿಸಿಕೊಳ್ಳಬೇಕಾಯಿತು. ಇದು ದೊಡ್ಡ ಅನ್ಯಾಯ. ನಮ್ಮಲ್ಲಿ ಹಳ್ಳಿಯ ನಾಟಕದ ಕರಪತ್ರದಲ್ಲೂ ಹಾರ್ಮೋನಿಯಂ ಮೇಷ್ಟ್ರು, ತಬಲದವರು, ಸೀನರಿಯವರು ಎಲ್ಲರ ಹೆಸರನ್ನೂ ಅಚ್ಚು ಹಾಕಿಸುತ್ತಾರೆ.

ಫ್ರೀಡ್ಕಿನ್ 2023ರಲ್ಲಿ ತೀರಿಕೊಂಡರು. ಅದಕ್ಕೆ ಮೊದಲೇ ಕೂರಿಸಿ ಮಾತಾಡಿಸಿದ್ದರಿಂದ ಇಷ್ಟೆಲ್ಲ ಅವರ ಬಾಯಲ್ಲೇ ಉಳಿಯಿತು. ನನಗೆ ಕೂಡಲೇ ನೆನಪಾದದ್ದು ಕನ್ನಡದ್ದೇ ದೆವ್ವದ ಸಿನಿಮಾ, 1979ರ 'ನಾ ನಿನ್ನ ಬಿಡಲಾರೆ'. ಅನಂತನಾಗ್, ಲಕ್ಷ್ಮಿ, ರಾಜನ್-ನಾಗೇಂದ್ರರ ಸಂಗೀತ ಎಲ್ಲರ ನೆನಪಿನಲ್ಲೂ ಇದೆ. 1981ರಲ್ಲಿ ಅದು 'ಮಂಗಳಸೂತ್ರ' ಎಂದು ಹಿಂದಿಗೂ ಹೋಯಿತು. ಆದರೆ ಆ ಭಯಕ್ಕೆ ಬೆಳಕು ಹಿಡಿದವರು, ಮೇಕಪ್ ಮಾಡಿದವರು, ಸದ್ದು ಕೂಡಿಸಿದವರು? ಅವರಲ್ಲಿ ಇರುವವರನ್ನು ಹುಡುಕಿ, ಕ್ಯಾಮೆರಾ ಮುಂದೆ ಕೂರಿಸಿ ಮಾತಾಡಿಸಿ. ಐವತ್ತು ವರ್ಷ ತುಂಬಲಿ ಎಂದು ಕಾಯಬೇಡಿ.