ಸೀಟಿಲ್ಲದ ಸೈಕಲ್: ಪಿನ್ನರ್ ಹುಡುಗರಲ್ಲಿ ಎರಡು ಬಣ
ಲಂಡನ್ನಿನ ವಾಯವ್ಯ ಅಂಚಿನ ಪಿನ್ನರ್‌ನಲ್ಲಿ ನೆಲೆಸಿರುವ ನಮ್ಮ ಮನೆಗಳಲ್ಲೀಗ ಹೊಸ ಟ್ರಯಲ್ಸ್ ಸೈಕಲ್ ಫ್ರೇಮಿನದೇ ಮಾತು. ಟ್ರಯಲ್ಸ್ ಎಂದರೆ ವೇಗದ ಸ್ಪರ್ಧೆಯಲ್ಲ. ಬಂಡೆ, ದಿಮ್ಮಿಗಳ ಮೇಲೆ ಕಾಲೂರದೆ ಸೈಕಲ್ ಹಾರಿಸುವ ಆಟ. ಸ್ಕಾಟ್ಲೆಂಡಿನ ಡ್ಯಾನಿ ಮ್ಯಾಕ್‌ಅಸ್ಕಿಲ್ ಎಡಿನ್‌ಬರೋದ ಮೊನಚು ಬೇಲಿಯ ಮೇಲೆ ಸೈಕಲ್ ಓಡಿಸಿದ 2009ರ ವಿಡಿಯೊ ಇಂಥ ಸೈಕಲ್ಲಿಗೆ ಜಗತ್ತಿನೆಲ್ಲೆಡೆ ಅಭಿಮಾನಿಗಳನ್ನು ತಂದಿತು.

ಹಿಂಬದಿ ಗಿಡ್ಡವಾದ ಫ್ರೇಮ್ ಆದರೆ ಮುಂದಿನ ಚಕ್ರ ಸಲೀಸಾಗಿ ಏಳುತ್ತದೆ ಎಂದು ಕೆಲವು ಹುಡುಗರಿಗೆ ಖುಷಿ. ಹಗುರ ಅಲ್ಯೂಮಿನಿಯಂ ಎಷ್ಟು ಪೆಟ್ಟು ತಾಳೀತು ಎಂಬುದು ಉಳಿದವರ ಅನುಮಾನ. ಹೆತ್ತವರಾದ ನಮಗೆ ಈ ಅನುಮಾನವೇ ಹಿಡಿಸಿತು. ಹಳೆಯ ಫ್ರೇಮ್ ಅಗ್ಗಕ್ಕೆ ಸಿಕ್ಕರೂ ವೆಲ್ಡಿಂಗ್ ಬಳಿ ಬಿರುಕಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ಊರಿನ ಅಜ್ಜ-ಅಜ್ಜಿಯರೇ, ವಿಡಿಯೊ ಕರೆಯಲ್ಲಿ ಸೀಟಿಲ್ಲದ ಸೈಕಲ್ ಕಂಡರೆ ಗಾಬರಿಯಾಗಬೇಡಿ. ಅದು ಇರುವುದೇ ಹಾಗೆ. ಮೊಮ್ಮಗನ ತಲೆಯ ಮೇಲೆ ಹೆಲ್ಮೆಟ್ ಇದೆಯೇ ಎಂದಷ್ಟೇ ಕೇಳಿ.