ಮಕ್ಕಳ ಬಾಯಲ್ಲಿರುವ ವ್ಯಾಕರಣ

ಇಂಗ್ಲಿಷ್ ಮಾತನಾಡುವ ಹುಡುಗನು ಮಾಧ್ಯಮಿಕ ಶಾಲೆಯಲ್ಲಿ ಲ್ಯಾಟಿನ್ ಕಲಿಯತೊಡಗಿದಾಗ ಅವನಿಗೆ ಮೊದಲು ಎದುರಾಗುವ ತೊಡಕು ವಿಭಕ್ತಿಯದು. ಅವನ ಭಾಷೆಯಲ್ಲಿ ಪದಗಳು ಸ್ಥಳ ಬದಲಿಸಿದರೆ ಅರ್ಥವೇ ತಿರುಗಿಬೀಳುತ್ತದೆ. ಲ್ಯಾಟಿನಿನಲ್ಲಾದರೋ, ಯಾರು ಯಾರನ್ನು ಕಂಡರೆಂಬುದನ್ನು ಪದದ ಕೊನೆಯೇ ತಿಳಿಸುತ್ತದೆ. ಸಂಸ್ಕೃತದ ರೀತಿಯೂ ಇದೇ.

ಕನ್ನಡದ ಮಕ್ಕಳಿಗೆ ಇದು ಹೊಸದಲ್ಲ. ರಬಕವಿ-ಬನಹಟ್ಟಿ ತಾಲೂಕಿನ ಚಿಮ್ಮಡದ ಹುಡುಗಿಯೊಬ್ಬಳು ‘ಹುಲಿ ಆಕಳನ್ನು ಕಂಡಿತು’ ಎಂದರೂ ‘ಆಕಳನ್ನು ಹುಲಿ ಕಂಡಿತು’ ಎಂದರೂ ಕಂಡದ್ದು ಹುಲಿಯೇ. ‘ವ್ಯಾಘ್ರಃ ಧೇನುಂ ಪಶ್ಯತಿ’ ಎಂಬ ವಾಕ್ಯದ ಗುಟ್ಟೂ ಅಷ್ಟೇ. ಆಕೆ ವಿಭಕ್ತಿಯನ್ನು ತಾಯಿಯ ತೊಡೆಯ ಮೇಲೆಯೇ ಕಲಿತಿದ್ದಾಳೆ. ಅದರ ಹೆಸರು ಮಾತ್ರ ತಿಳಿಯದು.

ಹೀಗಿರಲು ಆರನೆಯ ಇಯತ್ತೆಯ ಮಗುವಿಗೆ ಮೊದಲ ದಿನವೇ ‘ರಾಮಃ ರಾಮೌ ರಾಮಾಃ’ ಎಂದು ಉರುಹೊಡೆಸುವುದೇಕೆ? ಅರ್ಥವಿಲ್ಲದ ಪಾಠ ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ; ‘ಇದು ನಮ್ಮಂಥವರಿಗಲ್ಲ’ ಎಂಬ ಅಳುಕು ಮಾತ್ರ ಉಳಿಯುತ್ತದೆ. ಆ ಅಳುಕಿಗೆ ಕಾರಣವಿಲ್ಲ. 1886ರಲ್ಲಿ ಜಮಖಂಡಿಯಲ್ಲಿ ಹುಟ್ಟಿದ ತತ್ತ್ವಜ್ಞಾನಿ ರಾ. ದ. ರಾನಡೆಯವರು 1902ರ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕಾಗಿ ಜಗನ್ನಾಥ ಶಂಕರಶೇಟ ವಿದ್ಯಾರ್ಥಿವೇತನ ಪಡೆದರು.

ಆದ್ದರಿಂದ ಮೊದಲು ಕನ್ನಡ ವಾಕ್ಯ, ಆಮೇಲೆ ಸಂಸ್ಕೃತ ವಾಕ್ಯ, ಕೊನೆಗೆ ರೂಪಗಳ ಪಟ್ಟಿ. ಇದು ಸುಗಮವಾದ ಕ್ರಮ. ಎರಡು ಕಡೆ ಮಾತ್ರ ಮೆಲ್ಲಗೆ ನಡೆಯಬೇಕು. ನಾವು ‘ಕೊಡಲಿಯಿಂದ ಕಡಿದ’, ‘ಮರದಿಂದ ಬಿದ್ದ’ ಎಂದು ಒಂದೇ ‘ಇಂದ’ ಬಳಸುತ್ತೇವೆ. ಸಂಸ್ಕೃತದಲ್ಲಿ ಮೊದಲನೆಯದು ‘ಕುಠಾರೇಣ’, ಎರಡನೆಯದು ‘ವೃಕ್ಷಾತ್’. ಸಾಧನ ಯಾವುದು, ಅಗಲಿದ್ದು ಯಾವುದರಿಂದ ಎಂದು ಕೇಳಿದರೆ ಮಕ್ಕಳೇ ಬೇರ್ಪಡಿಸುತ್ತಾರೆ. ಇನ್ನು ದ್ವಿವಚನ ಕನ್ನಡದಲ್ಲಿಲ್ಲ. ಅದನ್ನು ಕಣ್ಣಿಗೆ ಕಾಣುವ ಜೋಡಿಯಿಂದ ಕಲಿಸಬೇಕು: ಎರಡು ಕೈ ‘ಹಸ್ತೌ’, ನೊಗಕ್ಕೆ ಕಟ್ಟಿದ ಎರಡು ಎತ್ತು ‘ವೃಷಭೌ’.

ಲ್ಯಾಟಿನಿನ ನೆರವನ್ನೂ ಪಡೆಯಬಹುದು. ಸಪ್ತ, ಅಷ್ಟ, ನವ, ದಶ ಎಂಬುವಕ್ಕೆ ಅಲ್ಲಿ ಸೆಪ್ಟೆಮ್, ಒಕ್ಟೊ, ನೊವೆಮ್, ಡೆಕೆಮ್ ಎನ್ನುತ್ತಾರೆ. ಪ್ರಾಚೀನ ರೋಮನರ ವರ್ಷ ಮಾರ್ಚಿಯಿಂದ ಮೊದಲಾಗುತ್ತಿದ್ದುದರಿಂದ ಸೆಪ್ಟೆಂಬರ್ ಏಳನೆಯ ತಿಂಗಳಾಗಿತ್ತು. ಗೋಡೆಯ ಕ್ಯಾಲೆಂಡರೇ ಹೀಗೆ ಒಂದು ಪಾಠವಾಗುತ್ತದೆ.

ತಾಯಿತಂದೆಗಳು ಮಾಡಬಹುದಾದುದೂ ಉಂಟು. ಆಕಾಶವಾಣಿಯು 1974ರಲ್ಲಿ ಸಂಸ್ಕೃತ ವಾರ್ತೆಯನ್ನು ಆರಂಭಿಸಿತು. ಅದನ್ನು ಮಗುವಿನೊಡನೆ ಕೇಳಿ, ಕನ್ನಡದಲ್ಲೂ ಇರುವ ಹತ್ತು ಶಬ್ದಗಳನ್ನು ಆರಿಸಲು ಹೇಳಿರಿ. ಹತ್ತು ಸಿಕ್ಕ ಮೇಲೆ ಹನ್ನೊಂದನೆಯದನ್ನು ಮಗು ತಾನೇ ಹುಡುಕುತ್ತದೆ.