ಪಟ್ಟಿಯಲ್ಲಿರುವವರೆಷ್ಟು, ಓದುವವರೆಷ್ಟು?

ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮತ್ತು ಅವುಗಳ ಆಸುಪಾಸಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಹುಟ್ಟಿ ಬೆಳೆದ ಸಾರ್ವಜನಿಕ ಸಂಸ್ಥೆಗಳ ಬೆನ್ನೆಲುಬು ಅವುಗಳ ಕಟ್ಟಡಗಳಿಗಿಂತ ಹೆಚ್ಚಾಗಿ ಅವುಗಳ ಪಟ್ಟಿಗಳಾಗಿದ್ದವು. 1905ರಲ್ಲಿ ಆರಂಭವಾದ ಬೆಂಗಳೂರು ಗಾಯನ ಸಮಾಜ, 1915ರಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತು, 1939ರಿಂದ ರಾಮನವಮಿ ಸಂಗೀತೋತ್ಸವವನ್ನು ನಡೆಸಿಕೊಂಡು ಬಂದಿರುವ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ, 1945ರಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಅದೇ ವರ್ಷ ಬಿ.ಪಿ. ವಾಡಿಯಾ ಸ್ಥಾಪಿಸಿದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇವುಗಳಲ್ಲಿ ಯಾವುದನ್ನು ತೆಗೆದುಕೊಂಡರೂ, ಸದಸ್ಯರು ಯಾರು, ಆಹ್ವಾನ ಹೋಗಬೇಕಾದದ್ದು ಯಾರಿಗೆ ಎಂಬ ದಾಖಲೆಯಿಲ್ಲದೆ ಅದು ಒಂದು ವರ್ಷವೂ ನಡೆಯುವಂತಿರಲಿಲ್ಲ. ಅಂಚೆಯಲ್ಲಿ ಹೋಗುತ್ತಿದ್ದ ಆ ಆಹ್ವಾನ ಇಂದು ಇಮೇಲ್ ಆಗಿ ಹೋಗಬಲ್ಲದು, ಖರ್ಚೂ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಂಚೆಯ ಕಾಲದಲ್ಲಿ ತಾನಾಗಿಯೇ ನಡೆಯುತ್ತಿದ್ದ ಒಂದು ಅಳತೆ ಈ ಬದಲಾವಣೆಯಲ್ಲಿ ಸದ್ದಿಲ್ಲದೆ ಕಳೆದುಹೋಗಿದೆ.

ಆ ಅಳತೆಯ ಹೆಸರು ನವೀಕರಣ. ವರ್ಷಕ್ಕೊಮ್ಮೆ ಚಂದಾ ಕಟ್ಟುವ ಪದ್ಧತಿಯಲ್ಲಿ ಓದುಗನು ತನ್ನ ಆಸಕ್ತಿಯನ್ನು ವರ್ಷಕ್ಕೊಮ್ಮೆ ಹಣದ ರೂಪದಲ್ಲಿ ಮರುದೃಢೀಕರಿಸಬೇಕಾಗಿತ್ತು; ಮನಿಯಾರ್ಡರ್ ಬಾರದಿದ್ದರೆ ಹೆಸರು ಪಟ್ಟಿಯಿಂದ ಬಿದ್ದುಹೋಗುತ್ತಿತ್ತು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನೇ ನೆಚ್ಚಿಕೊಂಡು ಪುಸ್ತಕಗಳನ್ನು ಪ್ರಕಟಿಸಿತು. ಬಸವನಗುಡಿಯಿಂದ 1980ರಲ್ಲಿ ಹೊರಟ ‘ಲಂಕೇಶ್ ಪತ್ರಿಕೆ’ ಜಾಹೀರಾತುಗಳನ್ನೇ ಪ್ರಕಟಿಸದೆ ಮಾರಾಟದ ಹಣದಿಂದಲೇ ನಡೆದದ್ದರಿಂದ, ಅದರ ಪಾಲಿಗೆ ಓದುಗರ ಸಮೀಕ್ಷೆ ಪ್ರತಿವಾರವೂ ಅಂಗಡಿಯ ಕಟ್ಟೆಯ ಮೇಲೆ ನಡೆಯುತ್ತಿತ್ತು. ಇಮೇಲ್ ಪಟ್ಟಿಯಲ್ಲಿ ಇಂತಹ ಯಾವ ಬಾಗಿಲೂ ಇಲ್ಲ. ಒಮ್ಮೆ ವಿಳಾಸ ಕೊಟ್ಟವನು ಹತ್ತು ವರ್ಷ ಒಂದು ಪತ್ರವನ್ನೂ ತೆರೆಯದಿದ್ದರೂ ಪಟ್ಟಿಯಲ್ಲೇ ಉಳಿಯುತ್ತಾನೆ, ಮತ್ತು ಅವನ ಮೌನವನ್ನು ಕಾರ್ಯದರ್ಶಿಯು ನಿಷ್ಠೆಯೆಂದು ಎಣಿಸುತ್ತಾನೆ.

ಇಮೇಲಿಗೆ ಸಂಬಂಧವಿಲ್ಲದೆಯೂ ಇದೇ ದೋಷವನ್ನು ತೋರಿಸುವ ನಿದರ್ಶನ ಚಾಮರಾಜಪೇಟೆಯಲ್ಲಿಯೇ ಇದೆ. ಸಾಹಿತ್ಯ ಪರಿಷತ್ತಿನ ಬಹುಪಾಲು ಸದಸ್ಯರು ಆಜೀವ ಸದಸ್ಯರು. ಅಂದರೆ ಒಮ್ಮೆ ಶುಲ್ಕ ಕೊಟ್ಟು ಬದುಕಿರುವವರೆಗೆ ಸದಸ್ಯರಾಗಿರುವವರು. 2021ರ ಚುನಾವಣೆಯ ವೇಳೆಗೆ ಮತದಾರರ ಸಂಖ್ಯೆ ಮೂರು ಲಕ್ಷವನ್ನು ದಾಟಿತ್ತು, ಆ ಬಳಿಕ ಸದಸ್ಯತ್ವವನ್ನು ಒಂದು ಕೋಟಿಗೆ ಏರಿಸುವ ಗುರಿಯೂ ಘೋಷಣೆಯಾಯಿತು. ಗುರಿಯಲ್ಲಿ ಅಂಕಿಯೇನೋ ಇದೆ. ಆದರೆ ಸೇರಿದ ಸದಸ್ಯನು ಪರಿಷತ್ತಿನ ಪುಸ್ತಕವನ್ನು ಕೊಳ್ಳುತ್ತಾನೆಯೇ, ಪತ್ರಿಕೆಯನ್ನು ಓದುತ್ತಾನೆಯೇ, ಸಭೆಗೆ ಬರುತ್ತಾನೆಯೇ ಎಂಬುದನ್ನು ಆ ಅಂಕಿ ಕೇಳುವುದಿಲ್ಲ. ಐದು ವರ್ಷಕ್ಕೊಮ್ಮೆ ನಡೆಯುವ ಚುನಾವಣೆಯಲ್ಲಿ ಮತಗಟ್ಟೆಗೆ ಬಂದವರ ಪ್ರಮಾಣವೊಂದೇ ಸದಸ್ಯರ ಒಳಗೊಳ್ಳುವಿಕೆಗೆ ಸಿಗುವ ಸಾರ್ವಜನಿಕ ಅಳತೆಯೆಂದರೆ, ಅದು ಬಹಳ ಬಡ ಅಳತೆ.

ಅಳೆಯಬಹುದಾದ ಗುರಿಯೆಂಬ ಕಲ್ಪನೆ ಆಡಳಿತ ಶಾಸ್ತ್ರದಲ್ಲಿ ಹೊಸದಲ್ಲ. ಪೀಟರ್ ಡ್ರಕರ್ 1954ರಲ್ಲಿಯೇ ಗುರಿಗಳ ಮೂಲಕ ನಡೆಸುವ ಆಡಳಿತವನ್ನು ವಿವರಿಸಿದರು. 1981ರಲ್ಲಿ ಜಾರ್ಜ್ ಡೋರನ್ ಒಂದು ಲೇಖನದಲ್ಲಿ ಗುರಿಯು ಖಚಿತವಾಗಿರಬೇಕು, ಅಳತೆಗೆ ಸಿಗಬೇಕು, ಅದಕ್ಕೊಬ್ಬ ಹೊಣೆಗಾರನಿರಬೇಕು, ಅದು ಕೈಗೆಟುಕುವಂತಿರಬೇಕು, ಅದಕ್ಕೆ ಗಡುವಿರಬೇಕು ಎಂದು ಹೇಳಿ ‘ಸ್ಮಾರ್ಟ್’ ಎಂಬ ಹೆಸರನ್ನು ಚಲಾವಣೆಗೆ ತಂದರು. ಇವುಗಳಲ್ಲಿ ಸಣ್ಣ ಸಂಸ್ಥೆಗಳು ಸಾಮಾನ್ಯವಾಗಿ ಮರೆಯುವುದು ಹೊಣೆಗಾರನನ್ನು. ಇಮೇಲ್ ಕಳುಹಿಸುವ ಕೆಲಸ ಎಲ್ಲರದೂ ಆಗಿ, ಕೊನೆಗೆ ಯಾರದೂ ಅಲ್ಲದಂತಾಗುತ್ತದೆ.

ಗುರಿಯನ್ನು ಪಟ್ಟಿಯ ಕಡೆಯಿಂದಲ್ಲ, ಸಭಾಂಗಣದ ಕಡೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಗೊತ್ತುಮಾಡುವುದು ಸರಿಯಾದ ಕ್ರಮ. ಮಲ್ಲೇಶ್ವರದ ಒಂದು ಸಂಗೀತ ಸಭೆಗೆ 2000 ಇಮೇಲ್ ಚಂದಾದಾರರಿದ್ದಾರೆ, ಪ್ರತಿ ಕಛೇರಿಗೆ ಅವರಲ್ಲಿ ನೂರಕ್ಕೆ 3 ಮಂದಿ, ಅಂದರೆ 60 ಜನ, ಬರುತ್ತಾರೆ ಎಂದು ಇಟ್ಟುಕೊಳ್ಳೋಣ. ಇದನ್ನು 120ಕ್ಕೆ ಏರಿಸಬೇಕಾದರೆ ಪಟ್ಟಿಯನ್ನು 4000ಕ್ಕೆ ಒಯ್ಯಬಹುದು, ಅಥವಾ ಈಗಿರುವವರಲ್ಲೇ ನೂರಕ್ಕೆ 6 ಮಂದಿ ಬರುವಂತೆ ಮಾಡಬಹುದು, ಇವೆರಡೂ ಕಷ್ಟ. ಪಟ್ಟಿಯನ್ನು 3000ಕ್ಕೂ ಬರುವವರ ಪ್ರಮಾಣವನ್ನು ನೂರಕ್ಕೆ 4ಕ್ಕೂ ಏರಿಸಿದರೆ ಅದೇ 120 ಸಿಗುತ್ತದೆ, ಮತ್ತು ಇದು ಒಂದು ವರ್ಷದೊಳಗೆ ಸಾಧ್ಯವೆನಿಸುವ ಗುರಿ. ಬಂದವರನ್ನು ಎಣಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಡ. ಆಸನ ಕಾಯ್ದಿರಿಸುವ ಒಂದು ಲಿಂಕ್ ಇಮೇಲಿನಲ್ಲಿದ್ದರೆ, ಇಲ್ಲವೇ ಬಾಗಿಲಲ್ಲಿ ಕಾರ್ಯಕ್ರಮದ ಸುದ್ದಿ ಹೇಗೆ ತಿಳಿಯಿತೆಂದು ಬರೆದುಕೊಳ್ಳುವ ಒಂದು ನೋಟ್‌ಬುಕ್ ಇದ್ದರೆ ಸಾಕು.

ಪಟ್ಟಿಯ ಬೆಳವಣಿಗೆಯ ಲೆಕ್ಕದಲ್ಲಿ ಬಹುತೇಕರು ಎಡವುವುದು ಸೋರಿಕೆಯ ವಿಷಯದಲ್ಲಿ. 2000ದಿಂದ 3000ಕ್ಕೆ ಹೋಗಲು ವರ್ಷಕ್ಕೆ ಸಾವಿರ, ತಿಂಗಳಿಗೆ 83 ಹೊಸ ಹೆಸರುಗಳು ಸಾಕೆಂದು ತೋರುತ್ತದೆ. ಆದರೆ ಕೆಲಸ ಬದಲಿಸಿ ಹಳೆಯ ವಿಳಾಸವನ್ನು ಬಿಟ್ಟವರು, ಸಾಕೆಂದು ಹೊರನಡೆದವರು ಸೇರಿ ಪಟ್ಟಿಯ ನೂರಕ್ಕೆ ಇಬ್ಬರು ಪ್ರತಿ ತಿಂಗಳೂ ಕಳೆದುಹೋದರೆ, ವರ್ಷದ ಕೊನೆಗೆ ಮೂಲ ಎರಡು ಸಾವಿರದಲ್ಲಿ ಉಳಿಯುವವರು ಸುಮಾರು 1570 ಮಾತ್ರ. ಹೊಸದಾಗಿ ಸೇರಿದವರಲ್ಲೂ ಇದೇ ಪ್ರಮಾಣದ ಸೋರಿಕೆ ಇರುವುದರಿಂದ, ಆಗ ಬೇಕಾಗುವುದು ತಿಂಗಳಿಗೆ 133 ಹೊಸ ಹೆಸರುಗಳು. ಇದಲ್ಲದೆ ಹಳೆಯ ಬೆಂಗಳೂರಿನಲ್ಲಿ ತಿಂಗಳುಗಳು ಸಮನಾಗಿರುವುದಿಲ್ಲ. ರಾಮನವಮಿಯ ಚಪ್ಪರ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆ, ನವೆಂಬರಿನ ರಾಜ್ಯೋತ್ಸವದ ಪುಸ್ತಕ ಮಾರಾಟ ಇವು ಜನ ಸೇರುವ ಕಾಲಗಳು. ಆಷಾಢ ಬರಡು ಕಾಲ. ಹನ್ನೆರಡು ಸಮಭಾಗಗಳಾಗಿ ಒಡೆದ ಗುರಿಗಿಂತ ಪಂಚಾಂಗವನ್ನು ನೋಡಿ ಹಂಚಿದ ಗುರಿಯೇ ಇಲ್ಲಿ ಹೆಚ್ಚು ವೈಜ್ಞಾನಿಕ.

ಇನ್ನು ಒಳಗೊಳ್ಳುವಿಕೆ, ಅಂದರೆ ಚಂದಾದಾರನು ಪತ್ರವನ್ನು ಪಡೆದು ಏನು ಮಾಡುತ್ತಾನೆ ಎಂಬ ಪ್ರಶ್ನೆ. ಬಹುಕಾಲ ಇದಕ್ಕೆ ಉತ್ತರವಾಗಿ ಬಳಸಲಾದದ್ದು ತೆರೆದವರ ಪ್ರಮಾಣ. ಕಳುಹಿಸುವ ಸೇವೆಯು ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವೊಂದನ್ನು ಇಟ್ಟಿರುತ್ತದೆ. ಪತ್ರ ತೆರೆದಾಗ ಆ ಚಿತ್ರವು ಸರ್ವರಿನಿಂದ ಇಳಿಯುವುದರಿಂದ, ಇಳಿದಷ್ಟು ಸಲ ತೆರೆಯಲಾಯಿತೆಂದು ಲೆಕ್ಕ. ಆದರೆ 2021ರ ಸೆಪ್ಟೆಂಬರಿನಲ್ಲಿ ಆಪಲ್ ಕಂಪನಿಯು ತನ್ನ ಮೇಲ್ ತಂತ್ರಾಂಶದಲ್ಲಿ ತಂದ ಖಾಸಗಿತನದ ರಕ್ಷಣೆಯು, ಅದನ್ನು ಆರಿಸಿಕೊಂಡವರ ಪತ್ರಗಳಲ್ಲಿನ ಚಿತ್ರಗಳನ್ನು ಅವರು ತೆರೆಯಲಿ ಬಿಡಲಿ ಮೊದಲೇ ಇಳಿಸಿಕೊಳ್ಳತೊಡಗಿದ ಮೇಲೆ ಈ ಲೆಕ್ಕ ಉಬ್ಬಿಹೋಯಿತು.

ಕನ್ನಡದಲ್ಲಿ ಬರೆಯುವವರಿಗೆ ಇದಕ್ಕೆ ತದ್ವಿರುದ್ಧವಾದ ತೊಂದರೆಯೂ ಇದೆ, ಮತ್ತು ಅದರ ಕಡೆಗೆ ಗಮನ ಹರಿಸಿದವರು ಕಡಿಮೆ. ಸುಮಾರು 102 ಕಿಲೋಬೈಟ್‌ಗಿಂತ ದೊಡ್ಡದಾದ ಪತ್ರವನ್ನು ಜಿಮೇಲ್ ಮಧ್ಯದಲ್ಲಿಯೇ ಕತ್ತರಿಸಿ, ಉಳಿದ ಭಾಗವನ್ನು ಬೇರೆಯಾಗಿ ತೆರೆದು ನೋಡುವಂತೆ ಮಾಡುತ್ತದೆ. ಯೂನಿಕೋಡ್ ಪಠ್ಯವನ್ನು ಸಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕಾದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಒತ್ತು, ಗುಣಿತಗಳೂ ಬೇರೆ ಬೇರೆ ಸಂಕೇತಗಳಾದ್ದರಿಂದ ‘ಸ್ತ್ರೀ’ ಎಂದು ಬರೆಯುವುದಕ್ಕೆ 18 ಬೈಟ್ ಹಿಡಿಯುತ್ತದೆ. ಹೀಗಾಗಿ ಅಷ್ಟೇ ಉದ್ದದ ಇಂಗ್ಲಿಷ್ ಪತ್ರ ಇಡಿಯಾಗಿ ತಲುಪುವಲ್ಲಿ ಕನ್ನಡದ ಪತ್ರ ತುಂಡಾಗಿ ತಲುಪಬಹುದು. ತೆರೆದದ್ದನ್ನು ಎಣಿಸುವ ಚಿತ್ರ ಸಾಮಾನ್ಯವಾಗಿ ಪತ್ರದ ಕೆಳತುದಿಯಲ್ಲಿರುವುದರಿಂದ, ಪತ್ರ ಓದಿದವನೂ ಓದದವನೆಂದೇ ದಾಖಲಾಗುತ್ತಾನೆ. ಪಟ್ಟಿಯಿಂದ ಹೊರಬರುವ ಲಿಂಕ್ ಕೂಡ ಅಲ್ಲಿಯೇ ಇರುವುದರಿಂದ, ಅದನ್ನು ಕಾಣದ ಓದುಗನು ಬೇಸತ್ತು ಪತ್ರವನ್ನು ಸ್ಪ್ಯಾಮ್, ಅಂದರೆ ಬೇಡದ ಅಂಚೆ, ಎಂದು ಗುರುತಿಸಿಬಿಡುತ್ತಾನೆ. ಪರಿಹಾರ ಸರಳ: ಇಡೀ ಪ್ರಬಂಧವನ್ನು ಪತ್ರದೊಳಗೆ ತುರುಕದೆ ಸಾರವನ್ನಷ್ಟೇ ಕೊಟ್ಟು ಉಳಿದುದಕ್ಕೆ ಲಿಂಕ್ ಕೊಡುವುದು. ಆಗ ಲಿಂಕನ್ನು ಒತ್ತಿದವರ ಪ್ರಮಾಣವೆಂಬ, ತೆರೆದವರ ಪ್ರಮಾಣಕ್ಕಿಂತ ನಂಬಲರ್ಹವಾದ ಅಳತೆಯೂ ಕೈಗೆ ಬರುತ್ತದೆ. ಅದಕ್ಕಿಂತಲೂ ಮೇಲಿನದು ಮರುಪತ್ರ ಬರೆದವರ ಸಂಖ್ಯೆ. ಎಲ್ಲಕ್ಕಿಂತ ಮೇಲಿನದು ಸಭಾಂಗಣಕ್ಕೆ ಬಂದವರ ಸಂಖ್ಯೆ. ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟಗಳನ್ನು ಎಣಿಸುವ ಕಾರ್ಯದರ್ಶಿಯು ಗಣಕದ ವರದಿಗಿಂತ ನಿಜಕ್ಕೆ ಹತ್ತಿರವಾಗಿರುತ್ತಾನೆ.

ಸ್ಪ್ಯಾಮ್ ದೂರುಗಳನ್ನು ಅಲಕ್ಷಿಸುವ ಕಾಲವೂ ಮುಗಿದಿದೆ. ಜಿಮೇಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಜಾರಿಗೆ ತಂದ ನಿಯಮಗಳ ಪ್ರಕಾರ ಇಂತಹ ದೂರುಗಳು ಶೇ. 0.3ಕ್ಕಿಂತ ಕೆಳಗಿರಬೇಕು, ಅಂದರೆ 3000 ಪತ್ರಗಳಿಗೆ 9 ದೂರು ಬಂದರೂ ಮಿತಿ ತಲುಪಿದಂತೆ. ಆರು ತಿಂಗಳಿಂದ ಏನನ್ನೂ ಒತ್ತದ, ಉತ್ತರಿಸದ ಚಂದಾದಾರರಿಗೆ ಮುಂದುವರಿಯಲು ಇಷ್ಟವೇ ಎಂದು ಒಂದು ಪತ್ರ ಬರೆದು, ಉತ್ತರ ಬಾರದವರನ್ನು ಕೈಬಿಡುವುದು ಈ ದೃಷ್ಟಿಯಿಂದ ಸಂಸ್ಥೆಗೇ ಕ್ಷೇಮ. ಕಳೆದುಹೋದ ನವೀಕರಣದ ಪದ್ಧತಿ ಮರಳಿ ಬರುವುದೂ ಹೀಗೆಯೇ. ಆದರೆ ಸಮಿತಿಯ ಸಭೆಯಲ್ಲಿ ಪಟ್ಟಿಯ ಉದ್ದಕ್ಕೆ ಮಾತ್ರ ಚಪ್ಪಾಳೆ ಬೀಳುವಲ್ಲಿ ಯಾವ ಕಾರ್ಯದರ್ಶಿಯೂ ಹೆಸರುಗಳನ್ನು ಕತ್ತರಿಸುವ ಧೈರ್ಯ ಮಾಡುವುದಿಲ್ಲ. ಅಳತೆಯೇ ಗುರಿಯಾದಾಗ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲವೆಂಬ, ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ ಅನ್ವಯವಾಗುವುದು ಇಲ್ಲಿಯೇ. ಬೇರೊಂದು ಕಾರ್ಯಕ್ರಮದ ಹಾಜರಿ ಪುಸ್ತಕದಿಂದ ವಿಳಾಸಗಳನ್ನು ನಕಲು ಮಾಡಿ ಗುರಿ ತಲುಪುವ ಅಡ್ಡದಾರಿಯೂ ಈ ಒತ್ತಡದಿಂದಲೇ ಹುಟ್ಟುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಒಪ್ಪಿಗೆಯು ಒಂದು ನಿರ್ದಿಷ್ಟ ಉದ್ದೇಶಕ್ಕಾಗಿರಬೇಕೆಂದೂ, ಅದನ್ನು ಕೊಡುವುದು ಎಷ್ಟು ಸುಲಭವೋ ಹಿಂದೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂದೂ ಹೇಳುವುದರಿಂದ, ಅಂತಹ ಹೆಸರುಗಳನ್ನು ಲೆಕ್ಕಕ್ಕೆ ಸೇರಿಸದಿರುವುದೇ ಮೇಲು.

ಹಳೆಯ ಬಡಾವಣೆಗಳ ಸಂಸ್ಥೆಗಳು ತಮ್ಮ ಮುಂದಿನ ವಾರ್ಷಿಕ ವರದಿಯಲ್ಲಿ ಒಟ್ಟು ಸದಸ್ಯರ ಸಂಖ್ಯೆಯ ಪಕ್ಕದಲ್ಲಿ ಇನ್ನೆರಡು ಸಂಖ್ಯೆಗಳನ್ನು, ಅಂದರೆ ಆ ವರ್ಷ ಪಟ್ಟಿಯಿಂದ ಹೊರಹೋದವರೆಷ್ಟು, ಆಹ್ವಾನಕ್ಕೆ ಓಗೊಟ್ಟು ಒಮ್ಮೆಯಾದರೂ ಬಂದವರೆಷ್ಟು ಎಂಬುದನ್ನು, ಮುದ್ರಿಸಲಿ; ಮುದ್ರಿಸದ ಸಂಸ್ಥೆಯ ಸರ್ವಸದಸ್ಯರ ಸಭೆಯಲ್ಲಿ ಯಾರಾದರೊಬ್ಬ ಸದಸ್ಯರು ಎದ್ದು ನಿಂತು ಅವುಗಳನ್ನು ಕೇಳಲಿ.